ವಿಷಾದಕ್ಕೆ ದೇಹವು ಸಾಕ್ಷಿಯಾದೀತೆ?

ಕುರುಕ್ಷೇತ್ರದಲ್ಲಿ ಎರಡು ಸೇನೆಗಳ ನಡುವೆ ನಿಂತು ಬಂಧುಜನರನ್ನು ಕಂಡ ಅರ್ಜುನನು ತನ್ನ ವಿಷಾದವನ್ನು ನಿವೇದಿಸತೊಡಗಿದಾಗ ಮೊಟ್ಟಮೊದಲು ಹೇಳಿದುದು ಧರ್ಮಾಧರ್ಮಗಳ ವಿಚಾರವನ್ನಲ್ಲ. ಬಾಯಿ ಒಣಗಿದುದನ್ನು, ಮೈ ನಡುಗಿದುದನ್ನು, ಕೈಯಿಂದ ಬಿಲ್ಲು ಜಾರುತ್ತಿರುವುದನ್ನು. ನಿರಾಯುಧನಾದ ತನ್ನನ್ನು ಶತ್ರುಗಳು ಕೊಂದರೆ ಅದೇ ಕ್ಷೇಮವೆಂಬ ಮಾತು ಕಟ್ಟಕಡೆಯಲ್ಲಿ ಬಂದಿತು. ದೇಹವು ಮೊದಲು ನುಡಿಯಿತು, ಮರಣಾಪೇಕ್ಷೆಯು ಆಮೇಲೆ ಹೊರಬಿದ್ದಿತು. ಹಾಗಾದರೆ ದೇಹದ ನುಡಿಯೊಂದನ್ನೇ ಕೇಳಿ ಮನಸ್ಸಿನ ಕೊನೆಯ ಮಾತನ್ನು ಮುಂಚಿತವಾಗಿ ತಿಳಿಯಬಹುದೆ? ಖಿನ್ನತೆಯಿಂದ ನರಳುವವರಲ್ಲಿ ಯಾರು ಪ್ರಾಣತ್ಯಾಗಕ್ಕೆ ಮುಂದಾಗುವರೆಂಬುದನ್ನು ರಕ್ತ, ಬೆವರು ಮುಂತಾದುವುಗಳ ಅಳತೆಯಿಂದ ಗೊತ್ತುಮಾಡುವ ಪ್ರಯತ್ನವು ಅರ್ಧ ಶತಮಾನದಿಂದ ನಡೆದುಬಂದಿದೆ.

1976ರಲ್ಲಿ ಸ್ವೀಡನ್ ದೇಶದ ಮಾರಿ ಓಸ್ಬೆರ್ಗ್ ಎಂಬ ವೈದ್ಯೆಯೂ ಆಕೆಯ ಸಂಗಡಿಗರೂ 68 ಮಂದಿ ಖಿನ್ನರ ಬೆನ್ನುಹುರಿಯ ದ್ರವವನ್ನು ಪರೀಕ್ಷಿಸಿ, ಸೆರೊಟೋನಿನ್ ಎಂಬ ದ್ರವ್ಯದ ಶೇಷವು ಕಡಮೆಯಿದ್ದವರಲ್ಲಿ ಆತ್ಮಹತ್ಯೆಯ ಯತ್ನಗಳು ಹೆಚ್ಚಾಗಿದ್ದುವೆಂದು ತಿಳಿಸಿದರು. ಇನ್ನೊಂದು ಪರೀಕ್ಷೆಯಲ್ಲಿ ರಾತ್ರಿ ಡೆಕ್ಸಾಮೆಥಾಸೋನ್ ಔಷಧವನ್ನು ಕೊಟ್ಟು ಮರುದಿನ ರಕ್ತದ ಕಾರ್ಟಿಸಾಲನ್ನು ಅಳೆಯುತ್ತಾರೆ. ಆರೋಗ್ಯವಂತರಲ್ಲಿ ಅದು ತಗ್ಗುತ್ತದೆ, ಕೆಲವು ಖಿನ್ನರಲ್ಲಿ ತಗ್ಗುವುದಿಲ್ಲ. ಅಮೆರಿಕದ ಕೊರಿಯೆಲ್ ಮತ್ತು ಷ್ಲೆಸರ್ ಎಂಬವರು 78 ಮಂದಿಯನ್ನು ಹದಿನೈದು ವರ್ಷಗಳ ಕಾಲ ಗಮನಿಸಿ 2001ರಲ್ಲಿ ಬರೆದ ಲೆಕ್ಕದಂತೆ, ತಗ್ಗದವರಲ್ಲಿ ಆತ್ಮಹತ್ಯೆಯ ಸಂಭವವು ನೂರಕ್ಕೆ 26.8, ತಗ್ಗಿದವರಲ್ಲಿ 2.9. ಮೂರನೆಯದು ಬೆವರಿನ ಪರೀಕ್ಷೆ. ಬೆರಳಿಗೆ ತಂತಿಯನ್ನು ಸೇರಿಸಿ ಕಿವಿಯಲ್ಲಿ ಒಂದೇ ನಾದವನ್ನು ಮತ್ತೆ ಮತ್ತೆ ಕೇಳಿಸಿದರೆ, ಚರ್ಮವು ಸೂಕ್ಷ್ಮವಾಗಿ ಬೆವರಿ ವಿದ್ಯುತ್ತಿಗೆ ದಾರಿ ಕೊಡುತ್ತದೆ. ಯಾರ ಚರ್ಮವು ಬೇಗನೆ ನಿರುತ್ತರವಾಗುವುದೋ ಅವರಲ್ಲಿ ಅಪಾಯ ಹೆಚ್ಚೆಂದು ಸ್ವೀಡನ್ನಿನ ತೋರೆಲ್ ಮುಂತಾದವರ ವಾದ. ಲೋಕದಲ್ಲಿ ಏನಾದರೂ ಆಗಲಿ ತನಗೇನು ಎಂಬ ಉದಾಸೀನವು ಚರ್ಮಕ್ಕೂ ಇಳಿದಿರುವುದೆಂದು ಇದರ ಅಭಿಪ್ರಾಯವೆನ್ನಬಹುದು.

ನಮ್ಮವರಿಗೆ ಈ ವಿಚಾರವು ತೀರ ಹೊಸದಲ್ಲ. ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ತ್ವಿಕ ಭಾವಗಳನ್ನು ಹೇಳಿದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ಕಂಪ, ವೈವರ್ಣ್ಯ, ಅಶ್ರು, ಪ್ರಲಯ. ಮನಸ್ಸು ನಿಜವಾಗಿ ತುಂಬಿದಲ್ಲದೆ ಇವು ಮೈಯಲ್ಲಿ ತೋರವು. ಆದುದರಿಂದಲೇ ಇವಕ್ಕೆ ಅಷ್ಟು ಗೌರವ. ಆದರೆ ಅದೇ ಶಾಸ್ತ್ರವು ಒಂದು ಎಚ್ಚರಿಕೆಯನ್ನೂ ಇಟ್ಟುಕೊಂಡಿದೆ. ಸ್ವೇದವು ಭಯದಿಂದಲೂ ಉಂಟು, ಕೋಪದಿಂದಲೂ ಉಂಟು, ಲಜ್ಜೆಯಿಂದಲೂ ಹರ್ಷದಿಂದಲೂ ಉಂಟು, ಬರಿಯ ಬಿಸಿಲಿನಿಂದಲೂ ಉಂಟು. (ಪಾವಗಡದ ಚೈತ್ರಮಾಸದಲ್ಲಿ ಬೆವರಿನಿಂದ ರಸನಿರ್ಣಯ ಮಾಡಹೊರಟವನಿಗೆ ಊರೆಲ್ಲ ಭಾವಪರವಶವಾಗಿ ಕಂಡೀತು.) ವಿಭಾವವನ್ನು ತಿಳಿಯದೆ, ಎಂದರೆ ಯಾರು, ಎಲ್ಲಿ, ಯಾವ ಸಂಕಟದಲ್ಲಿ ಇದ್ದಾರೆಂಬುದನ್ನು ಅರಿಯದೆ, ಚಿಹ್ನೆಯೊಂದರಿಂದಲೇ ಭಾವವನ್ನು ನಿಶ್ಚಯಿಸಲಾಗದು.

ತಾರ್ಕಿಕರು ಇದನ್ನೇ ವ್ಯಭಿಚಾರವೆನ್ನುತ್ತಾರೆ. ಮಧುಗಿರಿಯ ಬೆಟ್ಟದ ಮೇಲೆ ಮಾರ್ಗಶಿರದ ಬೆಳಗಿನಲ್ಲಿ ಮಂಜನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯನ್ನು ಆರಿಸಲು ಓಡುವವನ ಪಾಡು ಅದು. ಅಮೆರಿಕದಲ್ಲಿ ಪೊಕೊರ್ನಿ ಎಂಬ ವೈದ್ಯನು ಆಸ್ಪತ್ರೆಗೆ ಸೇರಿದ 4,800 ಮಂದಿ ಮಾಜಿ ಸೈನಿಕರನ್ನು ವರ್ಷಗಟ್ಟಲೆ ಗಮನಿಸಿ 1983ರಲ್ಲಿ ವರದಿಯನ್ನು ಕೊಟ್ಟನು. ಅವರಲ್ಲಿ 67 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡಿದ್ದರು. ಈಗ ನೂರಕ್ಕೆ ಎಂಬತ್ತು ಸಲ ಸರಿಯಾಗಿ ಹೇಳುವ ಒಂದು ಯಂತ್ರವಿದೆಯೆಂದು ಕಲ್ಪಿಸಿಕೊಳ್ಳೋಣ. ಆ 67ರಲ್ಲಿ ಅದು ಸುಮಾರು 54 ಮಂದಿಯನ್ನು ಗುರುತಿಸೀತು. ಆದರೆ ಮಿಕ್ಕ 4,733ರಲ್ಲಿ ಸುಮಾರು 947 ಮಂದಿಯ ಮೇಲೂ ಅದೇ ಮುದ್ರೆಯನ್ನು ಒತ್ತೀತು. ಮುದ್ರೆ ಬಿದ್ದ ಹದಿನೆಂಟು ಹತ್ತೊಂಬತ್ತು ಮಂದಿಗೆ ಒಬ್ಬನು ಮಾತ್ರ ನಿಜವಾಗಿ ಆ ದಾರಿ ಹಿಡಿಯತಕ್ಕವನು. ತಪ್ಪಿಸಿಕೊಂಡ ಹದಿಮೂರು ಮಂದಿಯ ಗತಿಯೋ ಇನ್ನೂ ಕಷ್ಟ: ಭಯವಿಲ್ಲವೆಂದು ಯಂತ್ರವೇ ಹೇಳಿತೆಂದು ಮನೆಯವರು ಕಾವಲನ್ನು ಸಡಿಲಿಸುತ್ತಾರೆ.

ಲೆಕ್ಕವು ಹೀಗಿರಲಿ. ಯಂತ್ರವು ತಪ್ಪದೆಯೇ ಹೇಳುವುದೆಂದು ಒಪ್ಪಿಕೊಂಡರೂ ಒಂದು ಧರ್ಮಸೂಕ್ಷ್ಮವು ಉಳಿಯುತ್ತದೆ. ಬಾಯಿ ಬಿಡಲೊಲ್ಲದ ಮನುಷ್ಯನ ಗುಟ್ಟನ್ನು ಅವನ ಬೆವರಿನಿಂದ ಹೊರಡಿಸುವುದು ನ್ಯಾಯವೆ? ಕರ್ನಾಟಕ ರಾಜ್ಯವು ಪ್ರತಿವಾದಿಯಾಗಿದ್ದ ಸೆಲ್ವಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ, ಸುಳ್ಳುಪತ್ತೆ, ಮಂಪರು, ಮಿದುಳಿನ ಪರೀಕ್ಷೆಗಳನ್ನು ಒಪ್ಪಿಗೆಯಿಲ್ಲದೆ ಯಾರ ಮೇಲೂ ನಡೆಸಕೂಡದೆಂದು ತೀರ್ಪಿತ್ತಿತು. ಸುಳ್ಳುಪತ್ತೆಯ ಯಂತ್ರವು ಅಳೆಯುವುದೂ ಉಸಿರು, ನಾಡಿ, ಚರ್ಮದ ಬೆವರು ಇವುಗಳನ್ನೇ. ಅಲ್ಲಿಯದು ದಂಡಿಸುವ ಕೆಲಸ, ಇಲ್ಲಿಯದು ರಕ್ಷಿಸುವ ಕೆಲಸವೆಂದು ಹೇಳಬಹುದು. ಅದು ಒಪ್ಪತಕ್ಕ ಮಾತೆ. ಬಾವಿಗೆ ಬಿದ್ದವನನ್ನು ಎತ್ತುವಾಗ ಅಪ್ಪಣೆ ಕೇಳುವವರಿಲ್ಲ. ಆದರೂ ತನ್ನ ಬೆನ್ನ ಹಿಂದೆ ತನ್ನ ಮೈಯನ್ನೇ ಸಾಕ್ಷಿಯಾಗಿ ನಿಲ್ಲಿಸಿದರೆಂದು ತಿಳಿದವನು ಮುಂದೆ ಯಾರ ಎದುರಿನಲ್ಲಿ ಬಾಯಿ ಬಿಟ್ಟಾನು?

ಯಂತ್ರವನ್ನು ಬಯಸುವವರನ್ನು ಹಳಿಯುವಂತೆಯೂ ಇಲ್ಲ. ಸಾಯಲು ನಿಶ್ಚಯಿಸಿದವನು ಎಷ್ಟೋ ವೇಳೆ ನಗುತ್ತ ಊಟ ಮಾಡಿ ಎದ್ದಿರುತ್ತಾನೆ. ಮನೆಯವರು ಆಮೇಲೆ ಆ ಊಟವನ್ನು ನೆನೆನೆನೆದು, ತಮಗೆ ಗೊತ್ತಾಗಲಿಲ್ಲವಲ್ಲಾ ಎಂದು ಆಯುಷ್ಯವಿಡೀ ಸುಡುತ್ತಾರೆ. ಗೊತ್ತುಮಾಡಿಕೊಡುವ ಒಂದು ಸಾಧನವಿರಲಿ ಎಂಬ ಆಸೆಯ ಹಿಂದೆ ಆ ಉರಿಯಿದೆ. ಶಿರಾ ಸೀಮೆಯಲ್ಲಿ ಕಡಲೆಕಾಯಿ ಕೈಕೊಟ್ಟು, ಕೊರೆಸಿದ ಕೊಳವೆಬಾವಿಯಲ್ಲಿ ನೀರು ಬೀಳದೆ, ಕೈಸಾಲದ ಬಡ್ಡಿಗೆ ತಲೆ ಮರೆಸಿಕೊಂಡು ತಿರುಗುವ ರೈತನ ಮನೆಯಲ್ಲಿ ಆ ಉರಿಯು ಏನೆಂಬುದನ್ನು ವಿವರಿಸಬೇಕಾದುದಿಲ್ಲ. ಆದರೆ ಆ ಮನೆಗೆ ಬೆವರನ್ನು ಅಳೆಯುವ ಯಂತ್ರವು ಬರುವುದು ಯಾವಾಗ? ಬಂದರೂ ಸಾಲವನ್ನು ಅದು ಅಳೆಯಲಾರದು. ಸಾಲವೇ ಅಲ್ಲಿಯ ವಿಭಾವ.

ಇಂಗ್ಲೆಂಡಿನ ವೈದ್ಯಕೀಯ ಮಾರ್ಗದರ್ಶಕ ಸಂಸ್ಥೆಯು 2022ರಲ್ಲಿ, ಅಂಕಗಳನ್ನು ಕೂಡಿಸಿ ಮುಂದಿನ ಆತ್ಮಹತ್ಯೆಯನ್ನು ಊಹಿಸುವ ಮಾಪನಗಳನ್ನು ಬಿಟ್ಟು, ರೋಗಿಯ ಅವಶ್ಯಕತೆಗಳೇನೆಂದು ವಿಚಾರಿಸಬೇಕೆಂದು ವೈದ್ಯರಿಗೆ ತಿಳಿಸಿತು. ಎಂದರೆ ಕೇಳಬೇಕು. ಸಾಯಬೇಕೆನ್ನಿಸುತ್ತಿದೆಯೆ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ತಲೆಯಲ್ಲಿ ಬಿತ್ತಿದಂತಾಗುವುದೆಂಬ ಅಂಜಿಕೆಯು ನಮ್ಮ ಮನೆಗಳಲ್ಲಿ ಬಲವಾಗಿದೆ. ಈ ವಿಷಯದಲ್ಲಿ ನಡೆದ ಅಧ್ಯಯನಗಳು ಆ ಅಂಜಿಕೆಗೆ ಆಧಾರವನ್ನು ಕಾಣಲಿಲ್ಲ. ಕೇಳಿದ ಮೇಲೆ ಸುಮ್ಮನೆ ಕೇಳಿಸಿಕೊಳ್ಳುವುದು ಇನ್ನೂ ಕಷ್ಟದ ಕೆಲಸ. ಅರ್ಜುನನು ತನ್ನ ದುಃಖವನ್ನೆಲ್ಲ ಹೇಳಿ ಬಿಲ್ಲನ್ನು ಕೆಳಗಿಟ್ಟು ಕೂರುವವರೆಗೆ ಸಾರಥಿಯು ನಡುವೆ ಒಂದು ಮಾತನ್ನೂ ಆಡಲಿಲ್ಲವೆಂಬುದನ್ನು ಗೀತಾಪಾರಾಯಣ ಮಾಡುವವರು ಸಹ ಗಮನಿಸುವುದು ಅಪರೂಪ.

ಹಿಂದೆ ಪ್ರಾಣತ್ಯಾಗಕ್ಕೆ ಯತ್ನಿಸಿ ಉಳಿದವನು ಅಪರಾಧಿಯೂ ಆಗುತ್ತಿದ್ದನು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಅವನನ್ನು ತೀವ್ರ ಮನೋವ್ಯಥೆಗೆ ಒಳಗಾದವನೆಂದು ಭಾವಿಸಿ, ಶಿಕ್ಷೆಯ ಬದಲು ಶುಶ್ರೂಷೆಯು ಸಲ್ಲಬೇಕೆಂದು ವಿಧಿಸಿತು. ಆದುದರಿಂದ ಹೇಳಿಕೊಳ್ಳುವವನಿಗೆ ಪೋಲೀಸರ ಭಯ ಬೇಡ. ಮಂಗಳವಾರಗಳಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡುವ ‘ಮನೋಚೈತನ್ಯ’ವೆಂಬ ಏರ್ಪಾಡನ್ನು ಕರ್ನಾಟಕ ಸರಕಾರವು ಮಾಡಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ವ್ಯವಸ್ಥೆಯಲ್ಲಿ 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಪಾವಗಡದ ಮೂಲೆಯ ಹಳ್ಳಿಯಿಂದ ಬೆಂಗಳೂರಿನ ನಿಮ್ಹಾನ್ಸಿಗೆ ಹೋಗಿಬರಲು ಒಂದು ದಿನವೇ ಹಿಡಿಯುತ್ತದೆ. ರಾತ್ರಿ ಹನ್ನೊಂದು ಗಂಟೆಗೆ ಜಗಲಿಯ ಮೇಲೆ ಒಬ್ಬನೇ ಕುಳಿತವನ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಲು ಅಷ್ಟು ಹೊತ್ತು ಬೇಕಾಗುವುದಿಲ್ಲ.