ನಾಲ್ಕನೇ ಜ್ವರ

ಡಾಕ್ಟರ ಮುಂದೆ ಕೂತಾಗ ನಾವು ಹೇಳುವುದು ಅರ್ಧ, ನುಂಗುವುದು ಅರ್ಧ. ನನ್ನ ವಯಸ್ಸಿನ ಹೆಂಗಸರನ್ನು ಯಾರನ್ನು ಬೇಕಾದರೂ ಕೇಳಿ ನೋಡಿ. ಗಂಡ ಪಕ್ಕದಲ್ಲಿದ್ದರೆ ಮುಕ್ಕಾಲು ನುಂಗುತ್ತೇವೆ, ಅತ್ತೆ ಪಕ್ಕದಲ್ಲಿದ್ದರೆ ಪೂರ್ತಿ. ಇನ್ನು ಡಾಕ್ಟರ ಹಿಂದೆ ಬಿಳಿ ಕೋಟು ಹಾಕಿದ ಆರು ಜನ ಹುಡುಗ ಹುಡುಗಿಯರು ನಿಂತು ನಮ್ಮನ್ನೇ ನೋಡುತ್ತಿದ್ದರೆ ಏನು ಗತಿ?

1988ರಲ್ಲಿ ನನಗೆ ಹಾಗೇ ಆಯಿತು. ಎರಡನೇ ಮಗು ಹುಟ್ಟಿ ಐದಾರು ತಿಂಗಳಾಗಿತ್ತು. ಕಿಬ್ಬೊಟ್ಟೆಯ ನೋವು ಬಿಡಲೇ ಇಲ್ಲ. ರಾಮನಗರದಿಂದ ಬಸ್ಸು ಹತ್ತಿ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೋದೆ. ಪರದೆಯ ಹಿಂದೆ ಮಲಗಿಸಿದರು. ದೊಡ್ಡ ಡಾಕ್ಟರು ಬಂದರು, ಹಿಂದೆಯೇ ಆ ಆರು ಜನ. ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ನನ್ನ ಮೈಮೇಲಿನಿಂದ ಇಂಗ್ಲಿಷಿನಲ್ಲಿ ಪಾಠ ನಡೆಯಿತು. ಒಬ್ಬೊಬ್ಬರಾಗಿ ಹೊಟ್ಟೆ ಒತ್ತಿ ನೋಡಿದರು. ಕೊನೆಯವನ ಕೈ ಐಸಿನಂತೆ ತಣ್ಣಗಿತ್ತು, ಪಾಪ, ನಡುಗುತ್ತಲೂ ಇತ್ತು. ನಾನು ಸೂರಿನ ಫ್ಯಾನು ನೋಡುತ್ತಾ ಮಲಗಿದ್ದೆ. ವಾಪಸು ಬರುವಾಗ ಬಿಡದಿ ದಾಟುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ. ನೋವಿಗೆ ಮಾತ್ರೆ ಸಿಕ್ಕಿತ್ತು, ಗುಣವೂ ಆಯಿತು. ಆದರೆ ಒಂದು ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿತು: ನಾನೇನು ಪಠ್ಯಪುಸ್ತಕವೇ, ಬಂದವರೆಲ್ಲ ತೆರೆದು ನೋಡಲು?

ಕೆಲವು ವರ್ಷಗಳ ಮೇಲೆ ಇನ್ನೊಂದು ಕಡೆ, ಇನ್ನೊಬ್ಬ ಡಾಕ್ಟರು, ‘ಈ ವಿದ್ಯಾರ್ಥಿಗಳು ಇಲ್ಲಿರಬಹುದಾ?’ ಎಂದು ಕೇಳಿದರು. ‘ಆಗಲ್ಲ’ ಎಂದೆ. ಹುಡುಗರು ತಲೆ ತಗ್ಗಿಸಿ ಹೊರಗೆ ಹೋದರು. ಹಳೆಯ ಸಾಲ ತೀರಿಸಿದ ಹಾಗೆ ಅವತ್ತು ನನಗೆ ಎಂಥ ಖುಷಿಯಾಗಿತ್ತೆಂದರೆ, ಮನೆಗೆ ಬಂದು ಪಾಯಸ ಮಾಡುವುದೊಂದು ಬಾಕಿ.

ಆಮೇಲೆ 2009 ಬಂತು. ಮಾಗಡಿಯ ಕಡೆ ಕೊಟ್ಟಿದ್ದ ನಮ್ಮಕ್ಕನಿಗೆ ಆಗ ಐವತ್ತೆರಡು. ಬೆಳಗಿನ ಜಾವ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ಮೈಯೆಲ್ಲ ಬೆವರು, ದವಡೆ ಸೆಳೆತ, ಎದ್ದು ನಿಲ್ಲಲಾರದಷ್ಟು ಸುಸ್ತು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ನೋಡಿದರು. ‘ಗ್ಯಾಸು’ ಎಂದರು. ಇಂಜೆಕ್ಷನ್ ಕೊಟ್ಟು ಕಳಿಸಿದರು. ಅಕ್ಕ ಮನೆಗೆ ಬಂದು, ಎಂದಿನಂತೆ ಎಲ್ಲರಿಗೂ ಮುದ್ದೆ ತೊಳಸಿ, ತಾನು ಮಾತ್ರ ಮಜ್ಜಿಗೆ ಕುಡಿದು ಮಲಗಿದಳು. ಮರುದಿನ ಏಳಲಿಲ್ಲ.

ಹೆಂಗಸರಿಗೆ ಹೃದಯಾಘಾತ ಯಾವಾಗಲೂ ಸಿನಿಮಾದಲ್ಲಿ ತೋರಿಸುವ ಹಾಗೆ ಎದೆ ಹಿಡಿದುಕೊಂಡು ಬರುವುದಿಲ್ಲ ಎಂದು ಆಮೇಲೆ ತಿಳಿಯಿತು. ಹೊಟ್ಟೆಯುರಿ, ವಾಕರಿಕೆ, ದವಡೆ ನೋವು, ಬೆನ್ನು ನೋವು, ಕಾರಣವಿಲ್ಲದ ಸುಸ್ತು, ಹೀಗೂ ಬರಬಹುದು. ಅದಕ್ಕೇ ಗ್ಯಾಸು ಎಂದು ತಳ್ಳಿಹಾಕುವುದೂ ಹೆಚ್ಚು. ಓದುವ ನೀವು ಬೇರೇನು ಮರೆತರೂ ಇದೊಂದನ್ನು ನೆನಪಿಡಿ.

ನನಗೆ ಬಂದ ಸಿಟ್ಟು ಹೇಳತೀರದು. ಈ ಹುಡುಗನಿಗೆ ಯಾರು ಪಾಠ ಹೇಳಿದರು? ಯಾವ ಪುಸ್ತಕ ಓದಿ ಪಾಸಾದ? ಎಷ್ಟೋ ರಾತ್ರಿ ಇದನ್ನೇ ಕೇಳಿಕೊಂಡು ಮಲಗಿದ್ದೇನೆ. ಹೀಗೇ ಒಂದು ರಾತ್ರಿ, ಯಾರೂ ಕೇಳದಿದ್ದರೂ, ಉತ್ತರ ತಾನಾಗಿ ಎದ್ದು ಬಂತು. ನಮ್ಮಂಥ ಹೆಂಗಸರ ಮೈಯನ್ನು, ನಮ್ಮಂಥವರ ಅರ್ಧ ನುಂಗಿದ ಮಾತನ್ನು ಅವನು ಎಲ್ಲಿ ಕಲಿಯಬೇಕಿತ್ತು? ನಾನು ‘ಆಗಲ್ಲ’ ಎಂದು ಹೊರಗೆ ಕಳಿಸಿದ ಹುಡುಗರಂಥವನೇ ಅಲ್ಲವೇ ಅವನೂ?

ಆ ಮಾತಿನಿಂದ ಅಕ್ಕನ ಸಾವನ್ನು ನನ್ನ ತಲೆಗೆ ಕಟ್ಟಿಕೊಳ್ಳುವುದು ಹುಚ್ಚುತನ, ಅದು ನನಗೂ ಗೊತ್ತು. ಆದರೆ ಪ್ರಶ್ನೆ ಹಾಗೇ ನಿಂತಿತು. ನನ್ನ ಮೈ ನನ್ನದು, ಬೇಡ ಎನ್ನುವ ಹಕ್ಕು ನನಗಿದೆ. ಕಲಿತ ಡಾಕ್ಟರು ಮಾತ್ರ ನನಗೆ ಬೇಕು. ಹಾಗಾದರೆ ಕಲಿಸುವ ಮೈ ಯಾರದು? ದುಡ್ಡು ಕೊಟ್ಟು ಬೇರೆ ಕೋಣೆ ಹಿಡಿಯುವವರು ಬೇಡ ಎನ್ನುತ್ತಾರೆ. ಜನರಲ್ ವಾರ್ಡಿನಲ್ಲಿ ಮಲಗಿದವಳು ಬೇಡ ಎನ್ನಲಾರಳು, ಅವಳನ್ನು ಯಾರೂ ಕೇಳುವುದೂ ಇಲ್ಲ. ಅವಳ ಮೈಮೇಲೆ ಕಲಿತ ವಿದ್ಯೆಯನ್ನು ಆಮೇಲೆ ನಾವು ಫೀಸು ಕೊಟ್ಟು ಕೊಳ್ಳುತ್ತೇವೆ. ಇನ್ನೂ ಒಂದಿದೆ. ಕೇಳದೆ ಕಲಿತವನು ಕೇಳದಿರುವುದನ್ನೂ ಜೊತೆಗೇ ಕಲಿಯುತ್ತಾನೆ. ಅಕ್ಕನನ್ನು ನೋಡಿದ ಹುಡುಗ ‘ಇನ್ನೇನಾದರೂ ಆಗುತ್ತಿದೆಯಾ ಅಮ್ಮಾ?’ ಎಂದು ಒಂದು ಸಲ ಕೇಳಿದ್ದರೆ, ಅವಳು ದವಡೆಯ ಮಾತು ಹೇಳುತ್ತಿದ್ದಳೋ ಏನೋ. ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಈ ಗಂಟನ್ನು ಸ್ವಲ್ಪ ಬಿಡಿಸಿದವರು ಒಬ್ಬ ಡಾಕ್ಟ್ರಮ್ಮ. ವೈದ್ಯಕೀಯ ಓದುವ ಮಕ್ಕಳು ಹಳ್ಳಿಯ ಕೆಲವು ಮನೆಗಳನ್ನು ದತ್ತು ತೆಗೆದುಕೊಂಡು, ಓದಿನ ವರ್ಷಗಳಲ್ಲಿ ಆ ಮನೆಯವರ ಆರೋಗ್ಯ ನೋಡಿಕೊಂಡು ಬರಬೇಕೆಂಬ ನಿಯಮ 2022ರಿಂದ ದೇಶದಲ್ಲೆಲ್ಲ ಇದೆ. ಮರುವರ್ಷ ನಾನು ತವರಿಗೆ ಹೋಗಿದ್ದಾಗ ಆ ಡಾಕ್ಟ್ರಮ್ಮ ನಾಲ್ಕು ಜನ ವಿದ್ಯಾರ್ಥಿಗಳೊಂದಿಗೆ ನಮ್ಮತ್ತಿಗೆಯ ಮನೆಗೆ ಬಂದರು. ಅತ್ತಿಗೆಗೆ ಬಿ.ಪಿ. ಇದೆ. ಮನೆ ತುಂಬ ರೇಷ್ಮೆ ಹುಳು. ಕುರ್ಚಿ ಹಾಕಲು ಜಾಗವಿಲ್ಲ. ಡಾಕ್ಟ್ರಮ್ಮ ಚಪ್ಪಲಿ ಹೊರಗೆ ಬಿಟ್ಟು, ಯಾರೂ ಹೇಳುವ ಮೊದಲೇ ಕೈಕಾಲು ತೊಳೆದುಕೊಂಡು ಬಂದು ನೆಲದ ಮೇಲೆ ಕೂತರು. ಹುಳು ಸಾಕುವ ಮನೆಯ ಮಡಿ ಗೊತ್ತಿದ್ದವರು ಮಾತ್ರ ಹಾಗೆ ಮಾಡುತ್ತಾರೆ.

ಮೊದಲು ಅವರು ಹೇಳಿದ್ದು ಇಷ್ಟು: ‘ಅಮ್ಮಾ, ಈ ಮಕ್ಕಳು ಕಲಿಯೋಕೆ ಬಂದಿದ್ದಾರೆ. ನಿಮಗೆ ಬೇಡ ಅನ್ನಿಸಿದರೆ ಬೇಡ ಅನ್ನಿ. ಬೇಡ ಅಂದರೂ ನಿಮ್ಮನ್ನ ನೋಡೋದು ನಾನು ಒಂದು ಚೂರೂ ಕಡಿಮೆ ಮಾಡಲ್ಲ.’

ಅತ್ತಿಗೆ ನಕ್ಕು, ‘ಕಲೀಲಿ ಬುಡಿ, ನಮ್ಮೈಕ್ಳಂಗೇ ಅಲ್ವಾ’ ಎಂದರು. ಒಬ್ಬ ಹುಡುಗ ಬಿ.ಪಿ. ನೋಡಿದ. ಜಾಸ್ತಿ ಇತ್ತು. ನಿದ್ದೆ ಬರುತ್ತಾ ಎಂದು ಕೇಳಿದ. ‘ನಾಕ್ನೇ ಜ್ವರ ಎದ್ದು ಐದ್ ದಿವ್ಸ ಆಯ್ತು ಕಣಪ್ಪ, ನಿದ್ದೆ ಎಲ್ಲಿಂದ ಬರ್ಬೇಕು?’ ಎಂದರು ಅತ್ತಿಗೆ. ಹುಡುಗ ಗಂಭೀರವಾಗಿ ಬರೆದುಕೊಂಡ. ನಾಲ್ಕು ಸಲ ಜ್ವರ ಬಂದಿದೆ, ಟೈಫಾಯಿಡ್ ಇರಬಹುದು, ಮಲೇರಿಯಾ ಇರಬಹುದು, ರಕ್ತ ಪರೀಕ್ಷೆಗೆ ಕಳಿಸೋಣ ಎಂದು ಡಾಕ್ಟ್ರಮ್ಮನ ಕಡೆ ತಿರುಗಿದ. ಡಾಕ್ಟ್ರಮ್ಮನಿಗೆ ನಗು ತಡೆಯಲಾಗಲಿಲ್ಲ. ‘ಜ್ವರ ಯಾರಿಗೆ ಅಂತ ಕೇಳಪ್ಪ’ ಎಂದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯ ಗಲಾಟೆ ಕೇಳಿ ಬೆಳೆದವರಿಗೆ ಗೊತ್ತು, ಹುಳು ಪೊರೆ ಬಿಡಲು ತಲೆಯೆತ್ತಿ ಕೂರುವುದಕ್ಕೆ ಜ್ವರ ಎನ್ನುತ್ತಾರೆ. ಅಂಥ ಜ್ವರ ನಾಲ್ಕು. ನಾಲ್ಕನೆಯದು ಎದ್ದ ಮೇಲೆ ಒಂದು ವಾರ ಹುಳುವಿಗೆ ಹಸಿವೋ ಹಸಿವು. ಇಡೀ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಹೆಚ್ಚಿನ ಪಾಲನ್ನು ಅದು ತಿನ್ನುವುದು ಆ ವಾರದಲ್ಲೇ. ರಾತ್ರಿಯೂ ಎದ್ದು ಸೊಪ್ಪು ಹಾಕಬೇಕು. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವವರೆಗೆ ಮನೆಯ ಹೆಂಗಸಿಗೆ ನಿದ್ದೆ ಇಲ್ಲ, ಹೊತ್ತಿಗೆ ಊಟವಿಲ್ಲ. ಮಾತ್ರೆಯ ನೆನಪು ಮೊದಲೇ ಇಲ್ಲ.

ಡಾಕ್ಟ್ರಮ್ಮ ಕೇಳಿದರು, ‘ಬಿ.ಪಿ. ಮಾತ್ರೆ ತಗೊಂಡು ಎಷ್ಟು ದಿನ ಆಯ್ತಮ್ಮ?’ ಅತ್ತಿಗೆ ತಲೆ ತಗ್ಗಿಸಿದರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. ‘ಸೊಪ್ಪು ಕುಯ್ಯೋ ಕತ್ತಿ ಎಲ್ಲಿಡ್ತೀರೋ ಅಲ್ಲೇ ಮಾತ್ರೆ ಡಬ್ಬಿ ಇಟ್ಕೊಳ್ಳಿ. ಬೆಳಗ್ಗೆ ಮೊದಲು ನಿಮ್ಮ ಮಾತ್ರೆ, ಆಮೇಲೆ ಹುಳಕ್ಕೆ ಸೊಪ್ಪು’ ಎಂದರು. ಹತ್ತು ನಿಮಿಷ ಸುಮ್ಮನೆ ಕೂರಿಸಿ ಇನ್ನೊಮ್ಮೆ ಬಿ.ಪಿ. ನೋಡಿಸಿದರು. ವಾರ ಬಿಟ್ಟು ಮತ್ತೆ ಬರುವುದಾಗಿ ಹೇಳಿ, ಹಾಗೇ ಬಂದರು.

ಕಾಫಿ ಕುಡಿಯುವಾಗ ಅವರ ಕಥೆ ಕೇಳಿದೆ. ಕನಕಪುರದ ಕಡೆಯವರು. ಮನೆಯಲ್ಲಿ ಹುಳು ಸಾಕುತ್ತಿದ್ದರು. ನೂಲು ಬಿಚ್ಚುವ ಫಿಲೇಚರಿನಲ್ಲಿ ಬಿಸಿನೀರಿನಲ್ಲಿ ಕೈಯಾಡಿಸಿ ಅವರಮ್ಮನ ಬೆರಳಿನ ಚರ್ಮ ಸುಲಿದುಹೋಗಿತ್ತಂತೆ, ಉಬ್ಬಸವೂ ಇತ್ತಂತೆ. ಯಾವ ಡಾಕ್ಟರೂ ‘ಏನು ಕೆಲಸ ಮಾಡ್ತೀರಿ?’ ಎಂದು ಕೇಳಿರಲಿಲ್ಲವಂತೆ. ‘ನಾನು ಮಕ್ಕಳಿಗೆ ಮೊದಲು ಕಲಿಸೋದು ಆ ಒಂದು ಪ್ರಶ್ನೆ’ ಎಂದರು. ಚನ್ನಪಟ್ಟಣದ ಗೊಂಬೆ ಕೆಲಸದವನು ಕೆಮ್ಮುತ್ತಾ ಬಂದರೂ ಅದೇ ಪ್ರಶ್ನೆ. ಮರದ ಹುಡಿಯ ಮಾತು ಹೊರಗೆ ಬರುವುದು ಆಗಲೇ.

ಇದಕ್ಕೆ ಕುಟುಂಬ ವೈದ್ಯ ಎಂದು ಹೆಸರು. ಕಣ್ಣಿಗೊಬ್ಬರು, ಮೂಳೆಗೊಬ್ಬರು ಡಾಕ್ಟರಿರುವ ಕಾಲದಲ್ಲಿ ಇಡೀ ಮನುಷ್ಯನನ್ನು, ಅವನ ಮನೆಯನ್ನು ನೋಡುವುದೂ ಒಂದು ವಿದ್ಯೆ, ಅದನ್ನೂ ಕಲಿಸಬೇಕು ಎಂದು ಜಗತ್ತು ಒಪ್ಪಿದ್ದು ತಡವಾಗಿ. ಕೆನಡಾದಲ್ಲಿ ಈ ವಿಷಯಕ್ಕೆ ಮೊದಲ ಪ್ರಾಧ್ಯಾಪಕರಾಗಿ 1968ರಲ್ಲಿ ಬಂದ ಇಯಾನ್ ಮೆಕ್‌ವಿನಿ, ಅದಕ್ಕೆ ಮೊದಲು ಇಂಗ್ಲೆಂಡಿನ ಸ್ಟ್ರಾಟ್‌ಫರ್ಡಿನಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಮನೆಮನೆಯ ಡಾಕ್ಟರಾಗಿದ್ದವರು. ವೇಲ್ಸಿನ ಗಣಿ ಕಾರ್ಮಿಕರ ಹಳ್ಳಿಯೊಂದರಲ್ಲಿ ದಶಕಗಳ ಕಾಲ ನೆಲೆ ನಿಂತ ಜೂಲಿಯನ್ ಟ್ಯೂಡರ್ ಹಾರ್ಟ್, ಊರಿನ ದೊಡ್ಡವರೆಲ್ಲರ ಬಿ.ಪಿ. ಅಳೆದವರು. ಆರೈಕೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ ಎಂಬುದನ್ನು 1971ರಲ್ಲಿ ಅವರು ಬರೆದಾಗ ಅದು ಲೈಬ್ರರಿಯಿಂದ ಹುಟ್ಟಿದ ಮಾತಾಗಿರಲಿಲ್ಲ. ದೂರವೇಕೆ, ಬನ್ನೇರುಘಟ್ಟದ ಹತ್ತಿರದ ಸಕಲವಾರದಲ್ಲಿ ನಿಮ್ಹಾನ್ಸಿನವರು 1970ರ ದಶಕದಲ್ಲೇ ಹಳ್ಳಿಯ ಕೇಂದ್ರ ತೆರೆದು, ಮನಸ್ಸಿನ ಕಾಯಿಲೆಯನ್ನು ಗುರುತಿಸುವುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಧಾರಣ ಡಾಕ್ಟರುಗಳಿಗೆ ಕಲಿಸಿದರು. ನಮ್ಮ ತಲೆಮಾರಿನ ಹೆಣ್ಣುಮಕ್ಕಳಿಗೆ ಮೈಯ ಪಾಠ ಹೇಳಿದ್ದು ಅನುಪಮಾ ನಿರಂಜನ. 1991ರಲ್ಲಿ ತೀರಿಕೊಂಡ ಆ ಡಾಕ್ಟ್ರಮ್ಮ ಕಾಲೇಜಿನ ಮೇಷ್ಟರಲ್ಲ, ಆದರೆ ಅವರ ‘ತಾಯಿ-ಮಗು’ ಎಷ್ಟು ಮನೆಗಳ ಅಕ್ಕಿ ಡಬ್ಬದ ಹಿಂದೆ ಇತ್ತೆಂದು ನಿಮಗೂ ಗೊತ್ತು.

ಹಾಗಾದರೆ ಹುಳು ಸಾಕುವವರ ಮನೆಯಲ್ಲಿ ಹುಟ್ಟಿದವರೇ ಹುಳು ಸಾಕುವವರಿಗೆ ಡಾಕ್ಟರಾಗಬೇಕೇ? ಡಾಕ್ಟ್ರಮ್ಮನನ್ನು ಹೀಗೇ ಕೇಳಿದೆ. ಅವರು ಒಪ್ಪಲಿಲ್ಲ. ‘ನಮ್ಮೂರಿನೋರೇ ಡಾಕ್ಟರಾಗಿ ಬಂದು ನಮ್ಮಮ್ಮನ್ನ ಎಲ್ಲರಿಗಿಂತ ಜಾಸ್ತಿ ಗದರಿದ್ದು’ ಎಂದರು. ನಿಜವೇ. ಬಂದ ದಾರಿಯನ್ನು ಮರೆಯಬೇಕೆಂದೇ ಓದುವವರೂ ಇದ್ದಾರೆ. ಜೊತೆಗೆ ಹಿತ್ತಲ ಗಿಡ ಮದ್ದಲ್ಲ ಎಂದು ನಮ್ಮವರನ್ನು ನಾವೇ ಕಡೆಗಣಿಸುವುದೂ ಇದೆ. ಅವರ ಗುಂಪಿನಲ್ಲಿ ಬೆಂಗಳೂರಿನಲ್ಲೇ ಬೆಳೆದ ಒಬ್ಬ ಹುಡುಗಿ ಇದ್ದಳು, ಹುಳುವನ್ನು ಅವತ್ತೇ ಮೊದಲು ನೋಡಿದವಳು. ಅವಳು ಅತ್ತಿಗೆಯ ಪಕ್ಕ ಕೂತು, ‘ಜ್ವರ ಎದ್ದ ಮೇಲೆ ರಾತ್ರಿ ಎಷ್ಟು ಸಲ ಏಳ್ತೀರಾ? ಮನೇಲಿ ಬೇರೆ ಯಾರೂ ಏಳಲ್ವಾ?’ ಎಂದು ಕೇಳಿದಳು. ಮೂವತ್ತು ವರ್ಷದಲ್ಲಿ ಆ ಎರಡನೇ ಪ್ರಶ್ನೆಯನ್ನು ನಮ್ಮತ್ತಿಗೆಯನ್ನು ಕೇಳಿದವರು ಯಾರೂ ಇಲ್ಲ, ನನ್ನನ್ನೂ ಸೇರಿಸಿ. ಒಳಮನೆಯಲ್ಲಿದ್ದ ಅಣ್ಣ ಮೆಲ್ಲಗೆ ಎದ್ದು ಹೊರಗೆ ಹೋದ.

ಆದ್ದರಿಂದ ನನಗೆ ಅನ್ನಿಸುವುದು ಇಷ್ಟು. ಕಲಿಸುವ ಡಾಕ್ಟರ ಬದುಕು ಅವರ ಪಾಠದೊಳಗೆ ಇದ್ದೇ ಇರುತ್ತದೆ, ಅದು ಯಾವ ಮನೆಯಿಂದ ಬಂದ ಬದುಕಾದರೂ ಸರಿ. ಅಮ್ಮನ ಬೆರಳನ್ನು ನೆನಪಿಟ್ಟುಕೊಂಡವರು ಆ ನೆನಪನ್ನೇ ಒಂದು ಪ್ರಶ್ನೆಯಾಗಿ ಮುಂದಿನವರ ಕೈಗೆ ಕೊಡಬಹುದು. ಆಗ ಆ ಬೆರಳನ್ನು ನೋಡದವರಿಗೂ ಅದು ದಕ್ಕುತ್ತದೆ. ನಮ್ಮ ಪಾಲಿನದೂ ಇದೆ. ಬೇಡ ಎನ್ನುವ ಹಕ್ಕನ್ನು ನಾನು ಬಿಟ್ಟುಕೊಡುವುದಿಲ್ಲ. ಜನರಲ್ ವಾರ್ಡಿನವಳಿಗೂ ಅದು ಸಿಗಬೇಕು, ಅವಳಿಗೇ ಮೊದಲು. ಆದರೆ ಕೇಳಿದವರಿಗೆಲ್ಲ ಬೇಡ ಎಂದೇ ಹೇಳುತ್ತಾ ಬಂದರೆ ಕೇಳುವ ಡಾಕ್ಟರು ಬರಿಗೈಯಲ್ಲಿ ಹೋಗುತ್ತಾರೆ, ಕೇಳದವರಿಗೆ ಮಾತ್ರ ವಿದ್ಯೆ ಸಿಗುತ್ತದೆ.

ಹೋದ ವರ್ಷ ಮಂಡಿನೋವಿಗೆಂದು ಆಸ್ಪತ್ರೆಗೆ ಹೋಗಿದ್ದೆ. ಒಬ್ಬ ಹುಡುಗಿ ಬಾಗಿಲಲ್ಲಿ ನಿಂತು, ‘ಆಂಟಿ, ನಾನು ಸ್ಟೂಡೆಂಟು. ನಿಮ್ಮನ್ನ ನೋಡಬಹುದಾ?’ ಎಂದಳು. 1988ರ ಆ ಫ್ಯಾನು ಒಂದು ಗಳಿಗೆ ಕಣ್ಣ ಮುಂದೆ ತಿರುಗಿತು.

‘ಬಾಮ್ಮ, ಮೊದಲು ಬಾಗಿಲು ಹಾಕು’ ಎಂದೆ. ‘ನಿನ್ನ ಹೆಸರೇನು, ಯಾವೂರು ಹೇಳು. ಆಮೇಲೆ ಮಂಡಿ ನೋಡುವೆಯಂತೆ.’

ಹೇಳಿದಳು. ಅವಳ ಕೈಯೂ ತಣ್ಣಗೇ ಇತ್ತು. ಉಜ್ಜಿ ಬಿಸಿ ಮಾಡಿಕೊಂಡು ಮುಟ್ಟಮ್ಮ ಎಂದು ನಾನೇ ಹೇಳಿಕೊಟ್ಟೆ. ಮಂಡಿಯ ಮಾತು ಮುಗಿದ ಮೇಲೆ ಅವಳು, ‘ಇನ್ನೇನಾದರೂ ಇದೆಯಾ ಆಂಟಿ?’ ಎಂದು ಕೇಳಿದಳು. ಯಾರಿಗೂ ಹೇಳದೆ ಆರು ತಿಂಗಳಿಂದ ನುಂಗಿಕೊಂಡಿದ್ದ ಒಂದು ಮಾತನ್ನು ಅವಳಿಗೆ ಹೇಳಿದೆ.