ಹಳೆಯ ಪೆಟ್ಟಿಗೆ, ಹೊಸ ನೆಂಟ

ಒಂದು ವಸ್ತುವನ್ನು ಮಾಡಿದವನು ಯಾವ ಕೆಲಸಕ್ಕೆಂದು ಮಾಡಿದನೋ ಆ ಕೆಲಸಕ್ಕೆ ಮಾತ್ರವೇ ನಾವು ಅದನ್ನು ಬಳಸಬೇಕೆ? 'ಅದೆಂಥ ಕಟ್ಟಳೆ!' ಎಂದು ಯಾರಾದರೂ ನಕ್ಕಾರು. ರುಬ್ಬುವ ಒರಳು ಎಷ್ಟೋ ಮನೆಗಳ ಅಂಗಳದಲ್ಲಿ ಈಗ ತಾವರೆಯ ಕುಂಡವಾಗಿದೆ. ಅಜ್ಜಿಯ ಕಾಲದ ಕೊಳಗದಲ್ಲಿ ಕ್ರೋಟನ್ ಗಿಡ ಬೆಳೆದಿದೆ. ಯಾರಿಗೂ ನೋವಿಲ್ಲ. ಆದರೆ ನೀರು ಇಳಿದುಹೋಗಲೆಂದು ಕೊಳಗದ ತಳಕ್ಕೆ ತೂತು ಕೊರೆಯಹೊರಟಾಗ ಕೈ ಒಂದು ಕ್ಷಣ ತಡೆಯುತ್ತದೆಯಲ್ಲ, ಆ ತಡೆ ಏತರದು? ತೂತು ಬಿದ್ದ ಕೊಳಗ ಇನ್ನೆಂದೂ ಅಕ್ಕಿ ಅಳೆಯಲಾರದು.

ಈ ಪ್ರಶ್ನೆ ನನ್ನ ಬೆನ್ನು ಹತ್ತಿದ್ದು ಕೊಳಗದಿಂದಲ್ಲ, ಕ್ಯಾಲಿಫೋರ್ನಿಯದಲ್ಲಿರುವ ನನ್ನ ತಂಗಿಯ ಮಗ ಕೊಂಡುತಂದ ಒಂದು ತಿರುಗುವ ಸ್ಪೀಕರಿನಿಂದ. ಹುಡುಗನಾಗಿದ್ದಾಗ ವಾಲ್ವ್ ರೇಡಿಯೊ ಬಿಚ್ಚಿ ಜೋಡಿಸುವ ಗೀಳು ನನಗಿತ್ತು. ಆ ಧೈರ್ಯದ ಮೇಲೆ, ಅವನ ಮನೆಯಲ್ಲಿ ಕೆಲವು ತಿಂಗಳು ಇದ್ದಾಗ, ನಾನೂ ಬೆಸುಗೆಯ ಕಡ್ಡಿ ಹಿಡಿದು ಕೂತೆ.

ಆ ಸ್ಪೀಕರಿಗೆ ಲೆಸ್ಲಿ ಎಂದು ಹೆಸರು. ಅದರ ಚರಿತ್ರೆಯೇ ಒಂದು ಅವಿಧೇಯತೆಯ ಕಥೆ. 1935ರಲ್ಲಿ ಲಾರೆನ್ಸ್ ಹ್ಯಾಮಂಡ್ ಎಂಬಾತ ಅಮೆರಿಕದಲ್ಲಿ ಒಂದು ವಿದ್ಯುತ್ ಆರ್ಗನ್ ಹೊರತಂದ. ಚರ್ಚುಗಳ ಆರ್ಗನ್ನಿಗೆ ಆಳೆತ್ತರದ ಕೊಳವೆಗಳೂ ಗಾಳಿಯೂ ಬೇಕು. ಇದಕ್ಕೆ ತಿರುಗುವ ಲೋಹದ ಹಲ್ಲುಚಕ್ರಗಳೇ ಸಾಕು. ಡೊನಾಲ್ಡ್ ಲೆಸ್ಲಿ ಅದನ್ನು ದೊಡ್ಡ ಮಳಿಗೆಯಲ್ಲಿ ಕೇಳಿ ಮೆಚ್ಚಿ ಮನೆಗೆ ತಂದ. ಸಣ್ಣ ಕೋಣೆಯಲ್ಲಿ ಅದರ ನಾದ ಸಪ್ಪೆಯಾಯಿತು. ಕೊಳವೆಯ ಆರ್ಗನ್ನಿನಲ್ಲಿ ಒಂದೊಂದು ಸ್ವರ ಒಂದೊಂದು ಜಾಗದಿಂದ ಹೊರಡುತ್ತದೆ, ಇಲ್ಲಿ ಎಲ್ಲವೂ ಒಂದೇ ಬಾಯಿಂದ. ಹಾಗಾದರೆ ಬಾಯನ್ನೇ ತಿರುಗಿಸಿದರಾಯಿತು ಎಂದುಕೊಂಡ ಲೆಸ್ಲಿ, 1941ರ ಹೊತ್ತಿಗೆ ತನ್ನ ಸ್ಪೀಕರನ್ನು ಮಾರತೊಡಗಿದ. ಹ್ಯಾಮಂಡ್ ಕಂಪನಿ ಅದನ್ನು ಕೊಳ್ಳಲಿಲ್ಲ. ಅಷ್ಟೇ ಅಲ್ಲ, ತನ್ನ ವಾದ್ಯಕ್ಕೆ ಈ ಪರರ ಪೆಟ್ಟಿಗೆಯನ್ನು ಕಟ್ಟುವುದು ಹ್ಯಾಮಂಡನಿಗೆ ಕಿಂಚಿತ್ತೂ ಸಹಿಸಲಿಲ್ಲ. ನುಡಿಸುವವರು ಅವನ ಅಸಮಾಧಾನಕ್ಕೆ ಕಿವಿಗೊಡಲಿಲ್ಲ. ಇಂದು ಹ್ಯಾಮಂಡ್ ಆರ್ಗನ್ ಎಂದರೆ ಕಿವಿಗೆ ಬರುವ ದನಿ ಲೆಸ್ಲಿಯಿಂದ ಹೊರಟ ದನಿಯೇ.

ಲೆಸ್ಲಿಯ ಉದ್ದೇಶವಾದರೂ ಉಳಿಯಿತೆ? ಅದೂ ಇಲ್ಲ. 1966ರಲ್ಲಿ ಬೀಟಲ್ಸ್ ತಂಡ ಜಾನ್ ಲೆನನ್ನನ ಕಂಠವನ್ನೇ ಅದರ ಮೂಲಕ ಹಾಯಿಸಿತು. ಗಿಟಾರಿನವರೂ ಬಂದರು. ನನ್ನ ಸೋದರಳಿಯ ಆ ಸಾಲಿನ ಕೊನೆಯವನು.

ಪೆಟ್ಟಿಗೆಯ ಒಳಗನ್ನು ನೋಡಬೇಕು. ಮೇಲೆ ತಾರಸ್ವರಗಳಿಗೆ ಎರಡು ಬಾಯಿಯ ಒಂದು ಕಹಳೆ ಗಿರಗಿರನೆ ಸುತ್ತುತ್ತದೆ. ಹಾಡುವುದು ಒಂದೇ ಬಾಯಿ; ಇನ್ನೊಂದು ತೂಕ ಸರಿದೂಗಿಸಲು ಇಟ್ಟ ಮೂಕ ಬಾಯಿ. (ಸಭೆ ಸಮಾರಂಭಗಳಲ್ಲಿ ಇಂಥ ಬಾಯಿಗಳ ಉಪಕಾರವನ್ನು ನಾವು ಸಾಕಷ್ಟು ನೆನೆಯುವುದಿಲ್ಲ.) ಕೆಳಗೆ 15 ಅಂಗುಲದ ಸ್ಪೀಕರು ನೆಲದ ಕಡೆ ಮುಖಮಾಡಿ ಒಂದು ಪೀಪಾಯಿಯೊಳಕ್ಕೆ ಮಂದ್ರವನ್ನು ಸುರಿಯುತ್ತದೆ, ಆ ಪೀಪಾಯಿ ಕಹಳೆಗೆ ಎದುರು ದಿಕ್ಕಿನಲ್ಲಿ ಸುತ್ತುತ್ತದೆ. ರೈಲು ನಮ್ಮತ್ತ ಬರುವಾಗ ಸಿಳ್ಳು ಏರಿ, ದಾಟಿಹೋದ ಮೇಲೆ ಇಳಿಯುತ್ತದಲ್ಲ, 1842ರಲ್ಲಿ ಡಾಪ್ಲರ್ ವಿವರಿಸಿದ ಆ ಏರಿಳಿತವೇ ಇಲ್ಲಿ ಕೋಣೆಯೊಳಗೆ ನಡೆಯುತ್ತದೆ. ವೇಗದ ಗತಿಯಲ್ಲಿ ಕಹಳೆ ನಿಮಿಷಕ್ಕೆ ಸುಮಾರು 400 ಸುತ್ತು ಹೊಡೆಯುತ್ತದೆ. ಹಗುರಾದ ಕಹಳೆ ಬೇಗ ವೇಗಕ್ಕೆ ಬರುತ್ತದೆ, ಭಾರದ ಪೀಪಾಯಿ ತಡವಾಗಿ. ಆ ನಡುವಿನ ಕೆಲವು ಕ್ಷಣಗಳಿಗಾಗಿಯೇ ಸಂಗೀತಗಾರರು ಈ ಭಾರದ ಪೆಟ್ಟಿಗೆಯನ್ನು ಊರೂರು ಹೊತ್ತಿದ್ದಾರೆ. ಇದನ್ನು ಅನುಕರಿಸುವ ಅಂಗೈಯಗಲದ ಯಂತ್ರಗಳು ಈಗ ಸಿಗುತ್ತವೆ. ಅವು ಗಾಳಿಯನ್ನು ಕಲಕುವುದಿಲ್ಲ.

ನಮ್ಮದು 122 ಎಂಬ ಮಾದರಿ. ಗಿಟಾರನ್ನು ಅದಕ್ಕೆ ನೇರವಾಗಿ ಚುಚ್ಚುವಂತಿಲ್ಲ. ಗಿಟಾರು ಕೊಡುವುದು ಒಂದು ವೋಲ್ಟಿನ ಸಣ್ಣ ಅಂಶ, ಒಂದು ತಂತಿಯಲ್ಲಿ. ಪೆಟ್ಟಿಗೆ ಬಯಸುವುದು ಅದಕ್ಕಿಂತ ಎಷ್ಟೋ ಬಲವಾದ ನಾದವನ್ನು, ಎರಡು ತಂತಿಗಳಲ್ಲಿ, ಒಂದು ಏರಿದಾಗ ಇನ್ನೊಂದು ಇಳಿಯುವಂತೆ. ವೇಗ ಬದಲಿಸುವ ಆಜ್ಞೆಯೂ ಅದೇ ಎರಡು ತಂತಿಗಳ ಮೇಲೆ ನೇರ ವಿದ್ಯುತ್ತಾಗಿ ಸವಾರಿ ಮಾಡಿ ಬರಬೇಕು. ಇದೆಲ್ಲವನ್ನೂ ಆರ್ಗನ್ ಒದಗಿಸುತ್ತಿತ್ತು.

ಸೋದರಳಿಯನ ಮೊದಲ ಆಲೋಚನೆ ಸುಲಭದ್ದು: ಹಳೆಯ ಆರು ಕಡ್ಡಿಯ ಪ್ಲಗ್ಗನ್ನು ಕತ್ತರಿಸುವುದು, ಒಳಗಿನ ಆಂಪ್ಲಿಫೈಯರನ್ನು ತೆಗೆದುಹಾಕುವುದು, ಹೊಸದನ್ನು ಕೂರಿಸುವುದು. "ಇನ್ನು ಇದಕ್ಕೆ ಆರ್ಗನ್ ಯಾರು ಕಟ್ಟುತ್ತಾರೆ, ಮಾವ?" ಎಂದ. ನಾನು ಬೇಡವೆಂದೆ. ಹೊಸ ನೆಂಟ ಬಂದನೆಂದು ಮನೆಯ ಗೋಡೆ ಒಡೆಯುತ್ತಾರೆಯೆ? ಅವನು ನಕ್ಕು, "ನಮ್ಮ ಚೌಡಯ್ಯನವರು ಪಿಟೀಲಿಗೆ ಇನ್ನೂ ಮೂರು ತಂತಿ ಬಿಗಿಯಲಿಲ್ಲವೆ? ಆಗ ನೀವು ಬೇಡವೆನ್ನುತ್ತಿದ್ದಿರಾ?" ಎಂದು ಕೇಳಿದ.

ಪೆಟ್ಟು ಸರಿಯಾದ ಜಾಗಕ್ಕೇ ಬಿತ್ತು. ಮೈಕು ಇಲ್ಲದ ಸಭೆಗಳಲ್ಲಿ ಹಿಂದಿನ ಸಾಲಿನವರಿಗೂ ಕೇಳಲೆಂದು ಮೈಸೂರು ಚೌಡಯ್ಯನವರು ಏಳು ತಂತಿಯ ಪಿಟೀಲು ನುಡಿಸಿದರು. ಅವರನ್ನು ತಡೆದಿದ್ದರೆ ನಷ್ಟ ನಮ್ಮದೇ. ಆದರೆ ಅವರ ಏಳು ತಂತಿಯಿಂದ ಇನ್ನೊಬ್ಬನ ನಾಲ್ಕು ತಂತಿ ಕಡಿಮೆಯಾಗಲಿಲ್ಲ. ನಾನು ಕೇಳಿದ್ದು ಇಷ್ಟೆ: ನಮ್ಮ ಬಳಕೆ ಮುಗಿದ ಮೇಲೆ ಬರುವವನಿಗೆ, ನಮಗಿದ್ದ ಆಯ್ಕೆ ಇರಬೇಕೊ ಬೇಡವೊ? ಮಾಡಿದವನ ಇಚ್ಛೆಗೆ ನಾನು ಅಷ್ಟು ಬೆಲೆ ಕೊಡಲಾರೆ, ಅವನು ತನ್ನ ಪಾಲನ್ನು ಪಡೆದು ಹೋಗಿದ್ದಾನೆ. ಮುಂದೆ ಬರುವವನ ಪಾಲು ಬಾಕಿಯಿದೆ. ಅವನ ಪರವಾಗಿ ಮಾತಾಡಲು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. 'ಹುಟ್ಟದವನಿಗಾಗಿ ಇರುವವನ ಸಂಗೀತವನ್ನು ಕಟ್ಟಿಹಾಕುತ್ತೀರಿ' ಎಂದು ಅವನು ಅಂದದ್ದೂ ಸುಳ್ಳಲ್ಲ. ವಾದ ಒಂದು ವಾರ ನಡೆಯಿತು, ಅವನ ತಾಯಿ ಬೆಂಗಳೂರಿನಿಂದ ಫೋನಿನಲ್ಲೇ ಗದರಿಸುವವರೆಗೆ.

ಕೊನೆಗೆ ಪೆಟ್ಟಿಗೆಯನ್ನು ಮುಟ್ಟದೆ, ಅದರ ಭಾಷೆ ಬಲ್ಲ ಒಂದು ದುಭಾಷಿಯನ್ನು ಹೊರಗೆ ಕಟ್ಟಿದೆವು. ಅದೇ ವಾಲ್ವ್ ಪ್ರೀಆಂಪ್ಲಿಫೈಯರ್: 12ಎಎಕ್ಸ್7 ಎಂಬ ವಾಲ್ವು, ಗಿಟಾರಿನ ನಾದವನ್ನು ಹಿಗ್ಗಿಸಿ, ಇಬ್ಭಾಗ ಮಾಡಿ, ಎರಡು ತಂತಿಗಳಿಗೆ ಎದುರುಬದುರಾಗಿ ಹಂಚುವ ಸರ್ಕೀಟು, ವೇಗಕ್ಕೊಂದು ಕಾಲುಗುಂಡಿ. ಬಿಡಿಭಾಗಗಳಿಗಿಂತ ಎಚ್ಚರಿಕೆಯ ಖರ್ಚು ಹೆಚ್ಚು. ವಾಲ್ವಿಗೆ 250–300 ವೋಲ್ಟು ಬೇಕು, ಕರೆಂಟು ತೆಗೆದ ಮೇಲೂ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟಿರುತ್ತವೆ. ಆದ್ದರಿಂದ ಆ ಉಳಿಕೆಯನ್ನು ತಾನಾಗಿ ಇಳಿಸುವ ಒಂದು ರೆಸಿಸ್ಟರನ್ನು ಅಡ್ಡಲಾಗಿ ಬೆಸೆದೆವು. ಲೋಹದ ಕವಚವನ್ನು ಭೂಮಿಗೆ ಕಟ್ಟಿದೆವು.

ಮೊದಲ ಸಲ ನುಡಿದಾಗ ಸೋದರಳಿಯ ಮಾತಾಡಲಿಲ್ಲ. ಕಹಳೆ ನಿಧಾನವಾಗಿ ಸುತ್ತುತ್ತಿತ್ತು. ಗಿಟಾರಿನ ಒಂದೇ ಸ್ವರ ಗೋಡೆಯಿಂದ ಗೋಡೆಗೆ ನಡೆದಾಡಿತು. ಅವನು ಕಾಲುಗುಂಡಿ ಒತ್ತಿದ.

147 ಎಂಬ ಇನ್ನೊಂದು ಮಾದರಿಯ ಲೆಸ್ಲಿ ಉಂಟು. ಅದಕ್ಕೂ ಆರು ಕಡ್ಡಿಯ ಪ್ಲಗ್ಗೇ. ಆದರೆ ಒಳಗಿನ ತಂತಿಗಳ ಜೋಡಣೆ ಬೇರೆ, ಅದಲುಬದಲಾದರೆ ಸುಟ್ಟುಹೋಗಬಹುದು. ಮರುದಿನ ಅವನೇ ದಪ್ಪ ಅಕ್ಷರದಲ್ಲಿ '122ಕ್ಕೆ ಮಾತ್ರ' ಎಂದು ಬರೆದು ನಮ್ಮ ಪೆಟ್ಟಿಗೆಯ ಬೆನ್ನಿಗೆ ಅಂಟಿಸಿದ. ಸರ್ಕೀಟಿನ ನಕ್ಷೆಯನ್ನು ಮಡಿಸಿ, ಬಿಸಿ ತಾಗದ ಮೂಲೆ ಹುಡುಕಿ, ಮುಚ್ಚಳದ ಒಳಮೈಗೆ ಸಿಕ್ಕಿಸಿದ.