ಉಗ್ರಾಣವೂ ಪರಿಮಾಣವ್ರತವೂ

॥ ಶ್ರೀ ವೀತರಾಗಾಯ ನಮಃ ॥



ಕಳೆದ ಚಾತುರ್ಮಾಸ್ಯದ ಒಂದು ಮಧ್ಯಾಹ್ನ ಮಂಗಳೂರಿನಲ್ಲಿ ಗೃಹಸ್ಥರ ವ್ರತಗಳನ್ನು ಕುರಿತು ನಾಲ್ಕು ಮಾತುಗಳನ್ನಾಡಿ ಎದ್ದಾಗ, ಮಧ್ಯವಯಸ್ಸಿನ ಶ್ರಾವಿಕೆಯೊಬ್ಬರು ಹತ್ತಿರ ಬಂದು ನಿಂತರು. ಕೈಯಲ್ಲಿ ಮಡಿಸಿದ ಒಂದು ಕಾಗದ. “ಪಂಡಿತರೇ, ನನಗೆ ಸಕ್ಕರೆ ಕಾಯಿಲೆಯೆಂದು ತಿಳಿದು ಎರಡು ತಿಂಗಳಾಯಿತು. ತೂಕ ಇಳಿಸಬೇಕೆಂದು ಡಾಕ್ಟರು ಹೇಳಿದ್ದಾರೆ. ಮಗಳು ಎಲ್ಲಿಂದಲೋ ಓದಿ ಈ ಪಟ್ಟಿಯನ್ನು ಬರೆದುಕೊಟ್ಟಿದ್ದಾಳೆ. ಬೆಳಿಗ್ಗೆ ಬಿಸಿನೀರಿಗೆ ಜೇನು, ಹನ್ನೊಂದು ಗಂಟೆಗೆ ಕ್ಯಾರೆಟ್ಟು, ಸಂಜೆಗೆ ಮೊಳಕೆ ಬರಿಸಿದ ಹೆಸರು, ರಾತ್ರಿಗೆ ಅಣಬೆಯ ಸೂಪು. ಇದರಲ್ಲಿ ನಮಗೆ ಸಲ್ಲುವುದು ಬಿಸಿನೀರು ಒಂದೇ! ಧರ್ಮವನ್ನು ಹಿಡಿದರೆ ಶರೀರ ಕೆಡುತ್ತದೆ, ಶರೀರವನ್ನು ಹಿಡಿದರೆ ಧರ್ಮ ಕೆಡುತ್ತದೆ. ನಾನೇನು ಮಾಡಲಿ?” ಎಂದರು. ಮಾತಿನಲ್ಲಿ ನಗುವಿತ್ತು, ಕಣ್ಣಿನಲ್ಲಿ ಇರಲಿಲ್ಲ.

ಇದು ಆಕೆಯೊಬ್ಬರ ಪ್ರಶ್ನೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ನಡೆಸಿದ, 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ನಮ್ಮ ದೇಶದಲ್ಲಿ ಈ ರೋಗವುಳ್ಳವರು 10 ಕೋಟಿಗೂ ಮಿಗಿಲು. ನಮ್ಮ ಸಮಾಜದ ಮನೆಗಳು ಇದಕ್ಕೆ ಹೊರತೇನಲ್ಲ. ಮಾಂಸವಿಲ್ಲ, ಮದ್ಯವಿಲ್ಲ, ನಮಗೇಕೆ ಬಂತು ಎಂದು ಕೆಲವರು ಆಶ್ಚರ್ಯಪಡುವುದುಂಟು. ಅಂಥವರು ಒಮ್ಮೆ ತಮ್ಮ ಅಡುಗೆಮನೆಯ ಕಪಾಟನ್ನು ತೆರೆದು ನೋಡಿದರೆ ಆಶ್ಚರ್ಯವು ಕಡಿಮೆಯಾದೀತು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ನಾವು ಪಠಿಸುತ್ತೇವೆ, ಆದರೆ ಭೋಗೋಪಭೋಗ ಪರಿಮಾಣವ್ರತದ ಪ್ರಕರಣದಲ್ಲಿರುವ ಒಂದು ಮಾತಿನ ಮೇಲೆ ಸಾಕಷ್ಟು ನಿಲ್ಲುವುದಿಲ್ಲ. ಮದ್ಯ ಮಾಂಸ ಮಧುಗಳನ್ನೂ, ಅಲ್ಪಫಲಕ್ಕಾಗಿ ಬಹುಜೀವಗಳ ಘಾತವಾಗುವ ಮೂಲಂಗಿ, ಹಸಿಶುಂಠಿ ಮೊದಲಾದವನ್ನೂ ಬಿಡಬೇಕೆಂದು ಹೇಳಿದ ಮೇಲೆ ಆಚಾರ್ಯರು ಅಲ್ಲಿಗೇ ನಿಲ್ಲದೆ, ‘ಅನಿಷ್ಟ’ವಾದುದನ್ನೂ ತ್ಯಜಿಸಬೇಕೆಂದು ಅಪ್ಪಣೆ ಕೊಡಿಸುತ್ತಾರೆ. ಅನಿಷ್ಟವೆಂದರೆ, ಹಿಂಸೆಯ ದೃಷ್ಟಿಯಿಂದ ಭಕ್ಷ್ಯವೇ ಆಗಿದ್ದರೂ ತನ್ನ ದೇಹಪ್ರಕೃತಿಗೆ ಒಗ್ಗದ ವಸ್ತು. ಅಷ್ಟೇ ಅಲ್ಲ, ತನಗೆ ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ವಿರಮಿಸುವುದೇ ವ್ರತವೆಂದೂ ಅಲ್ಲಿಯೇ ಹೇಳಿದೆ. ನಾನು ಆ ಶ್ರಾವಿಕೆಗೆ ಹೇಳಿದ್ದು ಇದನ್ನೇ. “ಅಮ್ಮ, ಡಾಕ್ಟರು ಬೇಡವೆಂದ ಸಕ್ಕರೆಯನ್ನು ಗೊಣಗುತ್ತ ಬಿಟ್ಟರೆ ಅದು ಪಥ್ಯ. ‘ಇದು ನನಗೆ ಅನಿಷ್ಟ, ಈ ಚಾತುರ್ಮಾಸ್ಯ ಮುಗಿಯುವವರೆಗೆ ನನಗೆ ಇದರ ತ್ಯಾಗ’ ಎಂದು ಜಿನಬಿಂಬದ ಎದುರಿಗೆ ನುಡಿದು ಬಿಟ್ಟರೆ ಅದೇ ನಿಯಮ. ಬಿಡುವ ವಸ್ತು ಒಂದೇ. ಹೀಗಿರುವಾಗ ಧರ್ಮಕ್ಕೂ ಶರೀರಕ್ಕೂ ಜಗಳವೆಲ್ಲಿ?”

“ಬಿಡುವುದು ಸರಿ, ತಿನ್ನುವುದು?” ಎಂದರು ಆಕೆ. ನ್ಯಾಯವಾದ ಪ್ರಶ್ನೆ. ಆ ಪಟ್ಟಿಯಲ್ಲಿನ ಜೇನು ನಮಗೆ ಮೂಲಗುಣದಲ್ಲಿಯೇ ವರ್ಜ್ಯ, ಕ್ಯಾರೆಟ್ಟು ಕಂದಮೂಲ, ಮೊಳಕೆಯೂ ಅಣಬೆಯೂ ಅನಂತಕಾಯವೆಂದು ವ್ರತಿಗಳು ಬಿಟ್ಟವು. ಅದನ್ನು ಬರೆದವರು ನಮ್ಮ ಮನೆಗಳನ್ನು ಕಂಡವರಲ್ಲ, ಅವರ ಮೇಲೆ ಮುನಿದು ಫಲವಿಲ್ಲ. ಆದರೆ ಒಂದು ಎಚ್ಚರಿಕೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ಕಂಡು ನಿಶ್ಚಿಂತರಾಗುವವರು ಬಹಳ ಮಂದಿ. ನಮ್ಮ ದೇಶದ ಕಾನೂನಿನ ಪ್ರಕಾರ ಜೇನು ಸೇರಿದ ತಿನಿಸಿಗೂ ಹಸಿರು ಚುಕ್ಕೆಯೇ. ‘ಬಹುಧಾನ್ಯ’, ‘ಆರೋಗ್ಯಕರ’ ಎಂದು ದೊಡ್ಡಕ್ಷರದಲ್ಲಿ ಬರೆದ ಬಿಸ್ಕತ್ತಿನ ಹಿಂಬದಿಯ ಸಣ್ಣಕ್ಷರವನ್ನು ಕನ್ನಡಕ ಹಾಕಿಕೊಂಡು ಓದತಕ್ಕದ್ದು. ಇನ್ನು ‘ಜೈನ್’ ಎಂದೇ ಬರೆದ ಚಿಪ್ಸು ಬಂದಿದೆ. ಅದರಲ್ಲಿ ಆಲೂಗಡ್ಡೆಯಿರದು, ಈರುಳ್ಳಿ ಬೆಳ್ಳುಳ್ಳಿಗಳಿರವು. ಎಣ್ಣೆ ಮಾತ್ರ ಧಾರಾಳವಾಗಿರುತ್ತದೆ. ಕರಿದ ಬಾಳೆಕಾಯಿ ಚಿಪ್ಸು 100 ಗ್ರಾಮಿಗೆ 500 ಕ್ಯಾಲೊರಿಗೂ ಮೇಲೆ.

ನಮ್ಮ ಕರಾವಳಿಯ ಹಳೆಯ ಮನೆಗಳಲ್ಲಿ ಲಘು ಆಹಾರಕ್ಕೇನೂ ಕೊರತೆಯಿರಲಿಲ್ಲ. ಮಳೆಗಾಲಕ್ಕೆ ಮುನ್ನ ಮಂಗಳೂರು ಸೌತೆಯನ್ನು ಬಾಳೆನಾರಿನಿಂದ ಬಿಗಿದು ಅಟ್ಟದ ತೊಲೆಗೆ ಸಾಲಾಗಿ ತೂಗುಹಾಕುತ್ತಿದ್ದುದನ್ನು ಹಿರಿಯರು ಬಲ್ಲರು. ಒಂದಕ್ಕೊಂದು ತಾಗದಂತೆ, ಗಾಳಿಯಾಡುವಂತೆ ತೂಗಿದ ಆ ಕಾಯಿ ತಿಂಗಳುಗಟ್ಟಲೆ ಕೆಡದು. 100 ಗ್ರಾಮಿಗೆ 15ರ ಆಸುಪಾಸು ಕ್ಯಾಲೊರಿ. ಇದಕ್ಕಿಂತ ಹಗುರವಾದ ದಾಸ್ತಾನು ಯಾವ ದೇಶದ ಅಂಗಡಿಯಲ್ಲಿದೆಯೋ ನಾನರಿಯೆ! ಬೊಂಡದ ನೀರು, ತಿಳಿಮಜ್ಜಿಗೆ, ಹುರುಳಿಯ ಕಟ್ಟಿನ ಸಾರು, ಹೆಸರುಬೇಳೆ ಹಾಕಿದ ಕುಚ್ಚಲಕ್ಕಿ ಗಂಜಿ, ಇವೆಲ್ಲ ಪಟ್ಟಿಯಿಲ್ಲದ ಕಾಲದ ಪಥ್ಯಗಳು. ಅವಲಕ್ಕಿಯನ್ನು ತುಳುವಿನಲ್ಲಿ ಬಜಿಲ್ ಎನ್ನುವುದರಿಂದ, ನಮ್ಮ ಬಸದಿಯಿರುವ ಬಜಿಲಕೇರಿಯ ಹೆಸರು ಕೇಳಿದಾಗಲೆಲ್ಲ ನನಗೆ ತೆಂಗಿನತುರಿ ಬೆರೆಸಿದ ಅವಲಕ್ಕಿಯ ನೆನಪು ಬರುತ್ತದೆ. ಇದು ನನ್ನ ನಾಲಗೆಯ ದೋಷವೆಂದು ಕ್ಷಮಿಸಬೇಕು.

ಆದರೂ ಹಗುರವಾದುದೆಲ್ಲ ಎಲ್ಲರಿಗೂ ಹಗುರವಲ್ಲ. ದೊಡ್ಡ ಬಟ್ಟಲು ಮಂಡಕ್ಕಿ 15 ಗ್ರಾಮ್ ತೂಗಿದರೆ ಹೆಚ್ಚು, 50 ಕ್ಯಾಲೊರಿಯ ಆಸುಪಾಸಿನಲ್ಲೇ ಹೊಟ್ಟೆ ತುಂಬಿದಂತೆನಿಸುತ್ತದೆ. ಆದರೆ ಅದು ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ತಟ್ಟನೆ ಏರಿಸುವಂಥದು. ತೂಕ ಇಳಿಸಬೇಕಾದ ಮಗನಿಗೆ ಒಪ್ಪುವುದು, ಸಕ್ಕರೆ ಕಾಯಿಲೆಯ ತಾಯಿಗೆ ಒಪ್ಪದು. ತಾಯಿಗೆ ಒಂದು ಹಿಡಿ ಹುರಿಗಡಲೆ ಮೇಲು. ಅದರ ಕ್ಯಾಲೊರಿ ಗ್ರಾಮಿಗೆ ಗ್ರಾಮು ಕಡಿಮೆಯೇನಲ್ಲ. ನಿಧಾನವಾಗಿ ಜೀರ್ಣವಾಗುತ್ತದೆ, ಒಂದು ಹಿಡಿಗೆ ತೃಪ್ತಿಯಾಗುತ್ತದೆ. ಅನಿಷ್ಟವೆಂಬುದು ವ್ಯಕ್ತಿಗೆ ವ್ಯಕ್ತಿಗೆ ಬೇರೆ ಎಂದು ಆಚಾರ್ಯರು ತಿಳಿದೇ ಹೇಳಿದ್ದಾರೆ. ಇಲ್ಲಿ ದ್ವಿದಳದ ದೋಷವನ್ನೂ ಮರೆಯಬಾರದು. ಹುರಿಗಡಲೆಯನ್ನು ಜಗಿಯುತ್ತ ಮಜ್ಜಿಗೆ ಕುಡಿಯುವುದು ನಮ್ಮಲ್ಲಿ ಸಲ್ಲದು. ಮಜ್ಜಿಗೆಯ ಹೊತ್ತು ಬೇರೆ, ಕಾಳಿನ ಹೊತ್ತು ಬೇರೆ ಇರಲಿ.

ಇನ್ನು ಎಷ್ಟು ತಂದಿಡಬೇಕೆಂಬ ವಿಚಾರ. ಹಿಟ್ಟಿನ ಮರ್ಯಾದೆಯು ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ ಎಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದಿದ್ದ ಲೆಕ್ಕ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳು ಗೋಡೆಯೇ ಬೆವರುತ್ತದೆ, ಉಪ್ಪು ನೀರಾಗುತ್ತದೆ, ಹಿಟ್ಟಿನ ಡಬ್ಬಿಯಲ್ಲಿ ಮುಗ್ಗಲು ವಾಸನೆ ಹುಟ್ಟಿ, ನಾಲ್ಕನೆಯ ದಿನವೋ ಐದನೆಯ ದಿನವೋ ಹುಳು ಹರಿದಾಡುತ್ತದೆ. ಶಾಸ್ತ್ರದ ಮೂರು ದಿನವು ಕಠಿಣವೆನ್ನುವವರು ಆಷಾಢದಲ್ಲಿ ಈ ಊರಿನ ಅಡುಗೆಮನೆಯೊಂದರಲ್ಲಿ ವಾಸಿಸಿ ನೋಡಲಿ. ಹಿಂದಿನವರು ಅಕ್ಕಿಯನ್ನು ಬೈಹುಲ್ಲಿನ ಮುಡಿಕಟ್ಟಿ ವರ್ಷಕ್ಕಾಗುವಷ್ಟು ಇಡುತ್ತಿದ್ದರು, ಒಂದು ಮುಡಿಗೆ 42 ಸೇರು. ಅದು ಧಾನ್ಯ, ಇಡಿಯಾಗಿ ಇಟ್ಟದ್ದು, ಬಿಸಿಲು ಕಂಡದ್ದು. ಹಿಟ್ಟನ್ನು ಅವರು ಹಾಗೆ ಕೂಡಿಡಲಿಲ್ಲ. ರಾಗಿಯನ್ನೂ ಗೋಧಿಯನ್ನೂ ಕಾಳಾಗಿಯೇ ಇಟ್ಟು, ಬೇಕಾದಾಗ ಬೇಕಾದಷ್ಟು ಬೀಸಿಕೊಂಡರು. ಇಂದಿಗೂ ಗಿರಣಿಯಿದೆ, ಮನೆಯಲ್ಲಿ ಮಿಕ್ಸಿಯಿದೆ. ಆದರೆ ನಾವು ತಿಂಗಳುಗಳ ಹಿಂದೆ ಎಲ್ಲಿಯೋ ಬೀಸಿದ ಹಿಟ್ಟಿನ ಐದು ಕಿಲೋ ಚೀಲವನ್ನು ರಿಯಾಯಿತಿಗೆಂದು ತಂದು, ಮರ್ಯಾದೆಯನ್ನೂ ಕಳೆದು, ಕಡೆಗೆ ಹುಳುಬಿದ್ದಿತೆಂದು ಚೆಲ್ಲಿ ಆ ಹಿಂಸೆಯನ್ನೂ ಹೊರುತ್ತೇವೆ.

ದಾಸ್ತಾನು ಹೆಚ್ಚಿದಷ್ಟೂ ತಿನ್ನುವುದು ಹೆಚ್ಚುತ್ತದೆ. ಬಾಯಿಗೆ ಬೇಕೆನಿಸಿದಾಗ ಎದ್ದು ಹೋಗಿ ಅವಲಕ್ಕಿ ಕಲಸಿ ತಿನ್ನಬೇಕಾದರೆ ಅರ್ಧಪಾಲು ಆಸೆ ಅಲ್ಲಿಯೇ ಇಳಿಯುತ್ತದೆ. ಪೊಟ್ಟಣ ಕೈಗೆಟುಕುವಲ್ಲಿದ್ದರೆ ಆಸೆಗೂ ಬಾಯಿಗೂ ನಡುವೆ ಏನೂ ಇಲ್ಲ. ಈಗಂತೂ ಮೊಬೈಲನ್ನು ಒತ್ತಿದರೆ ಅರ್ಧ ಗಂಟೆಯೊಳಗೆ ಅಂಗಡಿಯೇ ಮನೆ ಬಾಗಿಲಿಗೆ ಬರುತ್ತದೆ. ಆದುದರಿಂದ ಪರಿಮಾಣವ್ರತವು ಊಟದ ಎಲೆಯ ಮುಂದೆ ಆರಂಭವಾದರೆ ತಡವಾಯಿತು. ಸಾಮಾನಿನ ಚೀಟಿ ಬರೆಯುವಾಗಲೇ ಅದರ ಆರಂಭವಾಗಬೇಕು. ವಾರಕ್ಕೊಂದು ಕೊಳ್ಳುವ ದಿನ; ತಿಂಡಿಗೆಂದು ಮೂರು ಡಬ್ಬಿ, ನಾಲ್ಕನೆಯದಿಲ್ಲ; ನಾಲ್ವರ ಮನೆಗೆ ತಿಂಗಳಿಗೆ ಎರಡು ಲೀಟರ್ ಎಣ್ಣೆ. ಹೀಗೆ ಕಾಲವನ್ನು ಗೊತ್ತುಮಾಡಿ ಹಿಡಿದುದು ನಿಯಮ, ಜೀವನಪರ್ಯಂತ ಹಿಡಿದುದು ಯಮ. ನಿಯಮದಿಂದಲೇ ಮೊದಲಾಗಲಿ. ‘ಬಂದವರಿಗೆ ಬೇಕಲ್ಲ’ ಎಂದು ಲಾಡು ಚಕ್ಕುಲಿಗಳನ್ನು ತುಂಬಿಡುವವರಿಗೆ ಒಂದು ಮಾತು ಕೇಳುತ್ತೇನೆ: ವಾರದಲ್ಲಿ ಬಂದ ಅತಿಥಿಗಳೆಷ್ಟು, ಖಾಲಿಯಾದ ಲಾಡುಗಳೆಷ್ಟು?

ಹಗುರವಾದ ತಿನಿಸೆಂಬ ಹೆಸರಿನಲ್ಲಿಯೂ ಒಂದು ಮೋಸವಿದೆ. ಜನ್ನನು 1209ರಲ್ಲಿ ಮುಗಿಸಿದ ಯಶೋಧರ ಚರಿತೆಯನ್ನು ನೆನೆಯಿರಿ. ಬಲಿಗಿತ್ತದ್ದು ಜೀವವಿಲ್ಲದ ಹಿಟ್ಟಿನ ಕೋಳಿ, ಆದರೆ ಕೊಲ್ಲುವ ಸಂಕಲ್ಪವು ಜೀವಂತವಾಗಿತ್ತು; ಅದಕ್ಕಾಗಿ ಯಶೋಧರನೂ ಅವನ ತಾಯಿಯೂ ಎಷ್ಟು ಭವಗಳನ್ನು ಅಲೆದರು! ಕೊಬ್ಬು ತೆಗೆದ ಬಿಸ್ಕತ್ತು, ಸಕ್ಕರೆಯಿಲ್ಲದ ಲಾಡು ಇವನ್ನು ಅದೇ ಜಿಹ್ವಾಲೋಲುಪತೆಯಿಂದ, ‘ಇದಕ್ಕೆ ದೋಷವಿಲ್ಲ’ ಎಂದು ಎರಡರ ಬದಲು ಆರನ್ನು ತಿಂದರೆ ನಾವು ಸಾಕುತ್ತಿರುವುದು ಹಿಟ್ಟಿನ ಕೋಳಿಯನ್ನೇ. ಪರ್ವದ ದಿನ ಏಕಾಶನವೆಂದು ಹೇಳಿ, ಆ ಒಂದು ಹೊತ್ತಿಗೆ ಕರಿದ ಸಾಬೂದಾನ ವಡೆಗಳನ್ನು ಪೇರಿಸಿಕೊಳ್ಳುವವರೂ ಇದನ್ನು ಯೋಚಿಸಬಹುದು.

ಈಗ ನಗರದ ಮನೆಗಳ ನಿಜವಾದ ಕಷ್ಟಕ್ಕೆ ಬರುತ್ತೇನೆ. ಸಂಜೆ ಐದರಿಂದ ಎಂಟರವರೆಗಿನ ಹೊತ್ತು ಅದು. ಮಂಗಳೂರಿನಲ್ಲಿ ಜೂನ್ ತಿಂಗಳಲ್ಲಿ ಸೂರ್ಯಾಸ್ತವು ಸುಮಾರು 7 ಗಂಟೆಗೆ, ನವೆಂಬರಿನಲ್ಲಿ ಸುಮಾರು 6 ಗಂಟೆಗೆ. ಹಂಪನಕಟ್ಟೆಯ ಕಚೇರಿಯಿಂದಲೋ ಅಂಗಡಿಯಿಂದಲೋ ಹೊರಟು ವಾಹನಗಳ ಸಂದಣಿಯನ್ನು ದಾಟಿ ಮನೆ ಸೇರುವಾಗ ಕತ್ತಲು. ಹಸಿವು ಮೇಲೆದ್ದಿರುತ್ತದೆ, ಅನಸ್ತಮಿತ ವ್ರತದವರಿಗೆ ಹೊತ್ತು ಮೀರಿರುತ್ತದೆ. ವ್ರತವಿಲ್ಲದವರು ಟೀವಿಯ ಮುಂದೆ ಕುಳಿತು ಹತ್ತು ಗಂಟೆಯವರೆಗೆ ಪೊಟ್ಟಣಗಳನ್ನು ಬರಿದುಮಾಡುತ್ತಾರೆ. ಹಲವು ಎಳೆಯರು ರಾತ್ರಿಭೋಜನತ್ಯಾಗದ ನಿಯಮವನ್ನು ಮುರಿಯುವುದು ಶ್ರದ್ಧೆಯ ಕೊರತೆಯಿಂದಲ್ಲ, ಐದು ಗಂಟೆಗೆ ಕೈಯಲ್ಲಿ ಏನೂ ಇಲ್ಲದ್ದರಿಂದ. ಲಘು ತಿಂಡಿಯ ಸ್ಥಾನವು ಇಲ್ಲಿದೆ. ಬೆಳಿಗ್ಗೆ ಹೊರಡುವಾಗಲೇ ಸಣ್ಣ ಬುತ್ತಿಯೊಂದನ್ನು ಕಟ್ಟಿಕೊಡಿ. ಹುರಿಗಡಲೆ, ಹುರಿದ ನೆಲಗಡಲೆ ಒಂದು ಹಿಡಿ, ಒಂದು ಮುಳ್ಳುಸೌತೆ, ಇಲ್ಲವೇ ಎಣ್ಣೆಯಿಲ್ಲದೆ ಹುರಿದ ಅವಲಕ್ಕಿ. ಅಷ್ಟಮಿ ಚತುರ್ದಶಿಗಳಂದು ಹಸಿಯನ್ನು ಬಿಡುವವರು ಸೌತೆಯನ್ನು ಕೈಬಿಟ್ಟರಾಯಿತು. ಐದು ಗಂಟೆಗೆ ಅದನ್ನು ತಿಂದವನು ಏಳೂವರೆಗೆ ಮನೆಗೆ ಬಂದು ನೀರನ್ನೂ ಬೇಡದೆ ಕುಳಿತಿರಬಲ್ಲ. ಮಾತ್ರೆ ನುಂಗುವವರಿಗೆ ಈ ಮಾತು ಹಾಗೆಯೇ ಅನ್ವಯಿಸದು, ಅವರ ವಿಚಾರ ಬೇರೆ.

ಆ ಬೇರೆ ವಿಚಾರವನ್ನು ಒತ್ತಿ ಹೇಳಬೇಕಾಗಿದೆ. ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ದಶಲಕ್ಷಣ ಪರ್ವದ ಉತ್ಸಾಹದಲ್ಲಿ, ಯಾರನ್ನೂ ಕೇಳದೆ ಉಪವಾಸ ಹಿಡಿಯುವುದನ್ನು ನಾನು ಕಂಡಿದ್ದೇನೆ. ಔಷಧವು ಒಳಗೆ ಹೋಗಿ ಅನ್ನವು ಹೋಗದಿದ್ದರೆ ರಕ್ತದ ಸಕ್ಕರೆಯು ಕುಸಿದು, ಬೆವರಿ ನಡುಗಿ ಪ್ರಜ್ಞೆ ತಪ್ಪಬಹುದು, ಪ್ರಾಣಕ್ಕೂ ಎರವಾಗಬಹುದು. ಇನ್ನು ಔಷಧವನ್ನೇ ತಾವಾಗಿ ನಿಲ್ಲಿಸಿದರೆ ಸಕ್ಕರೆಯು ಮಿತಿಮೀರಿ ಏರುವ ಅಪಾಯ. ವೈದ್ಯರನ್ನು ಕೇಳಿಯೇ ವ್ರತವನ್ನು ನಿಶ್ಚಯಿಸಬೇಕು. ಷೋಡಶ ಭಾವನೆಗಳಲ್ಲಿ ತಪಸ್ಸಿನ ಹಿಂದೆಯೂ ತ್ಯಾಗದ ಹಿಂದೆಯೂ ‘ಶಕ್ತಿತಃ’ ಎಂಬ ಮಾತನ್ನಿಟ್ಟಿರುವುದು ನಮ್ಮ ಮೇಲಿನ ಕರುಣೆಯಿಂದ. ಉಮಾಸ್ವಾತಿಗಳು ಹೇಳಿದ ಆರು ಬಾಹ್ಯತಪಗಳಲ್ಲಿ ಅನಶನವು ಒಂದು ಮಾತ್ರ. ಅದರ ಪಕ್ಕದಲ್ಲಿಯೇ ಅವಮೌದರ್ಯವಿದೆ, ರಸಪರಿತ್ಯಾಗವಿದೆ. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯದು 28 ಎಂದು ಆಗಮವು ಎಣಿಸಿ, ಅದರಿಂದ ಒಂದು ತುತ್ತನ್ನು ಕಡಿಮೆ ಮಾಡಿದರೂ ಅವಮೌದರ್ಯವೆಂದೇ ಗಣಿಸುತ್ತದೆ. ಮೂರು ಹೊತ್ತೂ ಮಾತ್ರೆಯೊಡನೆ ಉಣ್ಣಲೇಬೇಕಾದ ಮುದುಕಿಯೊಬ್ಬಳು ಪ್ರತಿ ಹೊತ್ತಿನಲ್ಲಿಯೂ ಎರಡು ತುತ್ತು ಹಸಿವೆಯನ್ನು ಉಳಿಸಿಕೊಂಡು ಏಳುವುದೂ, ಒಂದು ತಿಂಗಳು ಬೆಲ್ಲ ಸಕ್ಕರೆಗಳೆಂಬ ರಸವನ್ನು ಬಿಡುವುದೂ ತಪಸ್ಸೇ. ನೆರೆಮನೆಯವರು ಎಂಟು ದಿನ ಉಪವಾಸ ಮಾಡಿದರೆಂದು ಆಕೆ ನಾಚಬೇಕಾಗಿಲ್ಲ.

ಮುಂದಿನ ತಿಂಗಳ ಚತುರ್ದಶಿಯಂದು ಆ ಶ್ರಾವಿಕೆ ಬಸದಿಯಲ್ಲಿ ಮತ್ತೆ ಸಿಕ್ಕರು. ಡಾಕ್ಟರ ಸಲಹೆ ಕೇಳಿ ಸಕ್ಕರೆ, ಬೆಲ್ಲ, ಕರಿದ ತಿಂಡಿಗಳಿಗೆ ನಿಯಮ ಹಿಡಿದಿದ್ದರು. ಬಿಸ್ಕತ್ತಿನ ದೊಡ್ಡ ಡಬ್ಬಿಯನ್ನು ತೊಳೆದು ರಾಗಿ ತುಂಬಿಸಿದ್ದರಂತೆ. ಮಗಳು ಹಳೆಯ ಪಟ್ಟಿಯನ್ನು ಹರಿದು ಬೇರೆ ಬರೆದುಕೊಟ್ಟಿದ್ದಳು. ತೂಕವನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. “ಹುರಿಗಡಲೆ ಮುಗಿದು ಎರಡು ದಿನವಾಯಿತು, ಪಂಡಿತರೇ. ಅಂಗಡಿ ನಮ್ಮ ಮನೆಯ ಎದುರಿಗೇ ಇದೆ. ಆದರೆ ಕೊಳ್ಳುವ ದಿನ ಶನಿವಾರವಲ್ಲವೇ, ಕಾದಿದ್ದೇನೆ” ಎಂದು ನಕ್ಕು, ಅಕ್ಷತೆಯ ತಟ್ಟೆಯನ್ನು ಹಿಡಿದು ಒಳಗೆ ನಡೆದರು.